ಕವಿಯ ದನಿಗೆ ಮುಳ್ಳು ಹದ ಮಾಡುವಾಕೆ

ಬೆಳಕು ಹರಿಯಲು ಇನ್ನೂ ಹೊತ್ತಿದೆ. ಎದುರಿನ ಬಸ್ ಡಿಪೋದಲ್ಲಿ ಒಂದು ಬಸ್ಸೂ ಎದ್ದಿಲ್ಲ. ಧ್ವನಿ ಭಂಡಾರದ ಮೂರನೇ ಮಹಡಿಯ ಮೂಲೆ ಕೋಣೆಯಲ್ಲಿ ಮೇಜಿನ ದೀಪವೊಂದೇ ಉರಿಯುತ್ತಿದೆ. ಅದರಡಿ ಕುಳಿತ ಹೆಂಗಸು ಕಳ್ಳಿಗಿಡದ ಮುಳ್ಳೊಂದನ್ನು ಪುಟ್ಟ ಹಿಡಿಗೆ ಸಿಕ್ಕಿಸಿಕೊಂಡು, ನುಣ್ಣನೆಯ ಉಪ್ಪು ಕಾಗದದ ಮೇಲೆ ಓರೆಯಾಗಿ ಉರುಳಿಸುತ್ತಿದ್ದಾರೆ. ನಾಲ್ಕು ಸಲ ಉರುಳಿಸಿ ನಿಲ್ಲಿಸುತ್ತಾರೆ, ಭೂತಗನ್ನಡಿ ಹಿಡಿದು ಮೊನೆ ನೋಡುತ್ತಾರೆ, ಮುಖ ಸಿಂಡರಿಸಿ ಮತ್ತೆ ಉರುಳಿಸುತ್ತಾರೆ.

"ಸದ್ದು ಮಾಡ್ಬೇಡಿ, ಒಂದ್ನಿಮಿಷ," ಎನ್ನುತ್ತಾರೆ ತಲೆ ಎತ್ತದೆ. ನಾನು ಸದ್ದು ಮಾಡಿರಲಿಲ್ಲ. ಉಸಿರಾಡಿದ್ದೆ, ಅಷ್ಟೇ.

ಮೊನೆ ಹದಕ್ಕೆ ಬಂದಂತೆ ಕಾಣುತ್ತದೆ. ಅದನ್ನು ಪ್ಲೇಯರಿನ ತೋಳಿಗೆ ಜೋಡಿಸಿ, ತಿರುಗುತ್ತಿರುವ ಬೂದು ಬಣ್ಣದ ಲೋಹದ ತಟ್ಟೆಯ ಅಂಚಿನ ಮೇಲೆ ತಂದು ನಿಲ್ಲಿಸುತ್ತಾರೆ. ಕೈ ಅಲ್ಲಾಡುವುದಿಲ್ಲ. ಒಂದು ಕ್ಷಣ ಹಾಗೇ ಇರುತ್ತಾರೆ, ಯಾರಾದರೂ ಏನಾದರೂ ಹೇಳಲಿ ಎಂದು ಕಾಯುವವರ ಹಾಗೆ. ಯಾರೂ ಏನೂ ಹೇಳುವುದಿಲ್ಲ. ಮುಳ್ಳು ಇಳಿಯುತ್ತದೆ. ಮೊದಲು ಒಗ್ಗರಣೆಯಂಥ ಚಟಪಟ, ಆಮೇಲೆ ಅದರ ಹಿಂದಿನಿಂದ ಒಬ್ಬ ಮನುಷ್ಯನ ದನಿ. ತೆಳ್ಳಗೆ, ಸ್ವಲ್ಪ ಅವಸರದ, ಸಾಲಿನ ಕೊನೆಗೆ ಬಂದಾಗ ಎದೆಯಲ್ಲಿ ಕಫ ಕಟ್ಟಿದ ದನಿ. ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ ಪದ್ಯಗಳನ್ನು ಬರೆದ ಕವಿ, ಸತ್ತು ತಲೆಮಾರುಗಳೇ ಕಳೆದ ಮೇಲೆ, ಒಂದು ಕಳ್ಳಿಮುಳ್ಳಿನ ತುದಿಯಲ್ಲಿ ಕುಳಿತು ಓದುತ್ತಿದ್ದಾರೆ.

ಭಂಡಾರದಲ್ಲಿ ಈ ಹೆಂಗಸಿಗೆ ಮುಳ್ಳಕ್ಕ ಎಂದೇ ಹೆಸರು. ನಿರ್ದೇಶಕರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವರು ಮುಳ್ಳಕ್ಕ. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿದೆಯಂತೆ. "ಅದನ್ನ ಕರೆದ್ರೆ ನಂಗೇ ತಿರುಗಿ ನೋಡೋಕೆ ನೆನಪಾಗಲ್ಲ," ಎಂದು ನಗುತ್ತಾರೆ. ಎಲೆಮರೆಯ ಕಾಯಿಯಂಥವರ ಬಗ್ಗೆ ಬರೆಯುವ ಪುಟಕ್ಕಾಗಿ ಬಂದಿದ್ದೇನೆ ಎಂದಾಗ ಅವರು ಯೋಚಿಸಿ ಹೇಳಿದ್ದು ಇಷ್ಟು: "ನಾನು ಬೆಳೆಸಿರೋ ಗಿಡಕ್ಕೆ ಎಲೇನೇ ಇಲ್ವಲ್ಲಮ್ಮ, ಮರೆ ಎಲ್ಲಿಂದ ತರೋದು?"

ಗಿಡ ಅವರ ಮನೆಯ ತಾರಸಿಯ ಮೇಲಿದೆ. ಬಣ್ಣದ ಖಾಲಿ ಬಕೆಟ್ಟುಗಳಲ್ಲಿ ಸಾಲಾಗಿ ಕಳ್ಳಿ. ನೋಡಲು ಬಂದವರು ಮೂಗು ಮುರಿಯುತ್ತಾರೆ, ಅಕ್ಕಪಕ್ಕದ ಮಕ್ಕಳ ಚೆಂಡುಗಳೆಲ್ಲ ಅಲ್ಲೇ ಪ್ರಾಣ ಬಿಡುತ್ತವೆ. ಮುಳ್ಳು ಬಲಿತ ಮೇಲೆ ಕಿತ್ತು, ನೆರಳಲ್ಲಿ ಒಣಗಿಸಿ, ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಬರುತ್ತಾರೆ. ಒಂದು ಬೆಳಗಿಗೆ ಅರ್ಧ ಡಜನ್ ಮುಳ್ಳು ಹದ ಮಾಡಿದರೆ ಎರಡೋ ಮೂರೋ ನಿಲ್ಲುತ್ತವೆ. ಒಂದು ಮುಳ್ಳು ತಟ್ಟೆಯ ಒಂದು ಮುಖ ಓಡುತ್ತದೆ, ಆಮೇಲೆ ಮೊನೆ ಮೊಂಡಾಗುತ್ತದೆ.

ಇಷ್ಟೆಲ್ಲ ಕಷ್ಟ ಯಾಕೆ ಎಂದರೆ, ಕವಿಯ ದನಿ ಇರುವುದು ಮಾಮೂಲಿ ಗ್ರಾಮಫೋನ್ ತಟ್ಟೆಯಲ್ಲಿ ಅಲ್ಲ. ಬರೀ ಅಲ್ಯೂಮಿನಿಯಂ ತಟ್ಟೆಯ ಮೇಲೆ. ಆಗಿನ ಕಾಲಕ್ಕೆ ಅದು ಹೊಸದು. ಎದುರು ಕುಳಿತು ಮಾತಾಡಿದರೆ ಯಂತ್ರ ನೇರವಾಗಿ ಲೋಹದ ಮೇಲೆ ಗೀರು ಒತ್ತುತ್ತಿತ್ತು. ಒಂದೇ ಪ್ರತಿ, ನಕಲು ಇಲ್ಲ. ಆ ಮೆತ್ತಗಿನ ಲೋಹಕ್ಕೆ ಉಕ್ಕಿನ ಸೂಜಿ ತಾಗಿಸಿದರೆ ಮುಗಿಯಿತು, ದನಿ ಕೇಳುತ್ತಿರುವಾಗಲೇ ಕೆರೆದು ಹೋಗುತ್ತದೆ. ಮುಳ್ಳು ಮಾತ್ರ ಅದರ ಮೇಲೆ ನೋವಾಗದಂತೆ ನಡೆಯುತ್ತದೆ. ಈ ಕೆಲಸವನ್ನು ನಸುಕಿನಲ್ಲೇ ಮಾಡಬೇಕು. ಡಿಪೋದ ಬಸ್ಸುಗಳು ಎಂಜಿನ್ ಶುರು ಮಾಡಿದವೆಂದರೆ ಕಟ್ಟಡದ ನೆಲ ಸಣ್ಣಗೆ ಅದುರುತ್ತದೆ, ಮುಳ್ಳು ಗೀರಿನಿಂದ ಗೀರಿಗೆ ಹಾರುತ್ತದೆ.

ಕವಿಯ ಬದುಕಿನ ಕಥೆ ಗೊತ್ತಿರುವಂಥದ್ದೇ. ಮೇಷ್ಟರ ಮಗ. ಕಾನೂನು ಓದಲು ಹೋಗಿ, ಕಾನೂನಿನ ಪುಸ್ತಕ ಮಾರಿ ಪದ್ಯದ ಪುಸ್ತಕ ತಂದವರು. ಮದುವೆಯಾದ ಎರಡನೇ ವರ್ಷ ಹೆಂಡತಿ ಜ್ವರದಲ್ಲಿ ತೀರಿಕೊಂಡರು. ಅಲ್ಲಿಂದ ಮುಂದೆ ಅವರು ಬರೆದದ್ದೆಲ್ಲ ಗಾಳಿಗೆ, ಹೊಳೆಗೆ, ಸಂಜೆಗೆ. ಮನುಷ್ಯರಿಗೆ ಬರೆದದ್ದು ಬಹಳ ಕಡಿಮೆ. ಅಣ್ಣಂದಿರು ಎರಡನೇ ಮದುವೆಗೆ ಹೆಣ್ಣು ನೋಡಿದಾಗ ಊರು ಬಿಟ್ಟು ಓಡಿಹೋದರಂತೆ; ಸಿಕ್ಕಿದ್ದು ನಾಲ್ಕು ತಿಂಗಳ ಮೇಲೆ, ದೋಣಿ ಕಾಯುವವನ ಗುಡಿಸಲಲ್ಲಿ, ಎದೆಯ ಕಾಯಿಲೆ ಹಿಡಿಸಿಕೊಂಡು. ನಲವತ್ತು ತುಂಬುವ ಮೊದಲೇ ಹೋದರು. ಹೋಗುವ ಹಿಂದಿನ ವರ್ಷ ವಾದ್ಯಗಳನ್ನು ಮಾರುವ ಅಂಗಡಿಯೊಂದರ ಹಿಂಗೋಣೆಯಲ್ಲಿ ಆ ಹೊಸ ಯಂತ್ರದ ಎದುರು ಕುಳಿತು ಹನ್ನೊಂದು ತಟ್ಟೆಗಳಷ್ಟು ಪದ್ಯ ಓದಿದರು. ತಟ್ಟೆಗಳು ಬಹುಕಾಲ ಕವಿಯ ತಂಗಿಯ ಮಂಚದಡಿ ಇದ್ದವು, ಆಮೇಲೆ ಭಂಡಾರಕ್ಕೆ ಬಂದವು.

ಬಂದ ಕಾಲಕ್ಕೆ ಅಲ್ಲಿ ಧ್ವನಿಮುದ್ರಕರಾಗಿದ್ದವರು ಮುಳ್ಳಕ್ಕನ ಗಂಡ. ಮುಳ್ಳು ಬೇಕೆಂದು ಕಂಡುಕೊಂಡವರು ಅವರೇ. ಆದರೆ ಅವರ ದೊಡ್ಡ ಕೈಗೆ ಮುಳ್ಳು ದಕ್ಕಲಿಲ್ಲ, ಹದ ಮಾಡಹೋಗಿ ಎಲ್ಲವನ್ನೂ ಮುರಿದರು. ಹೆಂಡತಿ ಆಗ ಮನೆಯಲ್ಲೇ ಕುಳಿತು ಸೀರೆಗಳಿಗೆ ಮಣಿ ಹೊಲಿದು ಕೊಡುತ್ತಿದ್ದರು.

"ಒಂದಿನ ಮುಳ್ಳಿನ ಪೊಟ್ಟಣ ಮನೆಗೇ ತಂದ್ರು. ಮುಖ ಇಷ್ಟುದ್ದ. 'ನಿನ್ ಕೈಲಿ ಆಗುತ್ತಾ ನೋಡೇ' ಅಂದ್ರು. ಎರಡು ಮಾಡ್ಕೊಟ್ಟೆ. ಮಾರನೇ ದಿನ ಕುಣ್ಕೊಂಡ್ ಬಂದ್ರು. ಇನ್ನೂ ನಾಲ್ಕು ಮಾಡು ಅಂದ್ರು. ಆಮೇಲೆ ಡಬ್ಬಿ ಊಟ ಕೊಡೋಕೆ ಹೋದೋಳು ಅಲ್ಲೇ ಉಳ್ಕೊಂಡ್ಬಿಟ್ಟೆ."

ಉಳಿದುಕೊಂಡದ್ದು ದಿನಗೂಲಿಯ ಮೇಲೆ. ಇವತ್ತಿಗೂ ಹಂಗಾಮಿ ನೌಕರಿಯೇ. ಮುಳ್ಳು ಹದ ಮಾಡುವವರ ಹುದ್ದೆ ಎಂಬುದು ಯಾವ ನಿಯಮದಲ್ಲೂ ಇಲ್ಲವಾದ್ದರಿಂದ ಅದಕ್ಕೆ ಯಾರನ್ನೂ ಕಾಯಂ ಮಾಡಲು ಬರುವುದಿಲ್ಲ ಎಂದು ಮೂವರು ನಿರ್ದೇಶಕರು ಬೇರೆ ಬೇರೆ ಕಾಲಕ್ಕೆ ಹೇಳಿ ಹೋಗಿದ್ದಾರೆ. ಮುಳ್ಳಕ್ಕ ಅದನ್ನು ಹೊಟ್ಟೆಗೆ ಹಾಕಿಕೊಂಡಿದ್ದಾರೆ. ನನಗೆ ಮಾತ್ರ ಕೇಳಿ ಮೈ ಉರಿಯಿತು, ಬರೆದೇ ಬಿಡುತ್ತೇನೆ.

ಗಂಡ ಹೆಂಡತಿ ಒಂದೇ ಕೋಣೆಯಲ್ಲಿ ಕೆಲಸ ಮಾಡುವುದೆಂದರೆ ಕಚೇರಿಯವರ ಕಣ್ಣಿಗೆ ಬೀಳುವ ಸಂಗತಿ. ಹಾಗಾಗಿ ಆ ಮನುಷ್ಯ ಒಂದು ಪದ್ಧತಿ ಮಾಡಿಕೊಂಡಿದ್ದರು. ಕಟ್ಟಡದ ಮೆಟ್ಟಿಲು ಹತ್ತಿದ ಮೇಲೆ ಹೆಂಡತಿಗೆ ಬಹುವಚನ. "ಬನ್ನಿ, ಕೂತ್ಕೊಳ್ಳಿ, ಇಡಿ." ಮನೆಯಲ್ಲಿ ಲೋಟ ಎಸೆದು ಜಗಳವಾಡಿ ಬಂದಿದ್ದರೂ ಅಷ್ಟೇ, ಕೋಣೆಯ ಒಳಗೆ ಬಹುವಚನ. "ನಂಗೆ ನಗು ಬರೋದು. ನಗು ತಡ್ಕೊಂಡ್ರೆ ಕೈ ಅಲ್ಲಾಡುತ್ತೆ ನೋಡಿ. ಅದಕ್ಕೆ ಅವರ ಮುಖ ನೋಡ್ತಾನೇ ಇರ್ಲಿಲ್ಲ."

ಕೆಲಸ ನಡೆಯುತ್ತಿದ್ದದ್ದು ಹೀಗೆ. ಗಾಜಿನ ಗೋಡೆಯ ಆಚೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗಂಡ ಟೇಪು ಓಡಿಸುತ್ತಾರೆ. ಈಚೆ ಹೆಂಡತಿ ಮುಳ್ಳು ಹಿಡಿದು ತಟ್ಟೆಯ ಮುಂದೆ. ಆಚೆಯಿಂದ ಮೈಕಿನಲ್ಲಿ "ಇಡಿ" ಎಂದು ಹೇಳಿ ಗಂಡ ಮೈಕು ಬಂದ್ ಮಾಡಬೇಕು, ಆಮೇಲೆ ಹೆಂಡತಿ ಮುಳ್ಳು ಇಳಿಸಬೇಕು. ಮೈಕು ತೆರೆದಿರುವಾಗ ಮುಳ್ಳು ಇಳಿದರೆ ಅವರ ಮಾತೂ ಕವಿಯ ಪದ್ಯವೂ ಒಂದೇ ಟೇಪಿನ ಮೇಲೆ ಕಲೆತು ಕೂರುತ್ತವೆ. ಹತ್ತು ತಟ್ಟೆಗಳಲ್ಲಿ ಹಾಗಾಗಲಿಲ್ಲ. ಎಂಟನೆಯ ತಟ್ಟೆಯಲ್ಲಿ ಆಯಿತು.

ಆ ದಿನ ಬೆಳಿಗ್ಗೆ ಇಬ್ಬರಿಗೂ ಮಾತು ಬಿಟ್ಟಿತ್ತು. ಕಾರಣ ಮುಳ್ಳಕ್ಕನಿಗೇ ನೆನಪಿಲ್ಲ. "ಮಗಳ ಸ್ಕೂಲ್ ಶೂಸು ಅಂತ ಕಾಣುತ್ತೆ. ಅಥ್ವಾ ಅವರ ತಂಗಿ ವಿಷ್ಯ. ಯಾವ್ದೋ ಒಂದು." ಎಂಟನೇ ತಟ್ಟೆಯ ಅಂಚಿಗೆ ಬಿಳಿ ಪುಡಿ ಹತ್ತಿತ್ತು. ಮಂಚದಡಿಯ ತೇವಕ್ಕೆ ಅಲ್ಯೂಮಿನಿಯಂ ಕೊಳೆಯುವ ರೀತಿ ಅದು. ಅದನ್ನು ಕಂಡು ಗಂಡನಿಗೆ ದಿಗಿಲಾಯಿತು. ದಿಗಿಲಿನಲ್ಲಿ ಬಹುವಚನ ಬಿದ್ದುಹೋಯಿತು. ಮುನಿಸಿಕೊಂಡಿದ್ದ ಹೆಂಡತಿಗೆ ಅವರ ಮಾತು ಮುಗಿಯುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಅವರ ಬಾಯಿಂದ ಮೊದಲ ಮಾತು ಹೊರಟದ್ದೇ ತಡ, ಇವರು ಮುಳ್ಳು ಇಳಿಸಿಬಿಟ್ಟರು.

ಟೇಪಿನಲ್ಲಿ ಈಗ ಇರುವುದು ಇದು. ಕವಿಯ ದನಿ ಹೇಳುತ್ತದೆ: "ಬಾಗಿಲು ಹಾಕಬೇಡ ಗಾಳಿಯೇ, ಒಳಗಿನ್ನೂ ಒಬ್ಬಳಿದ್ದಾಳೆ." ಅದರ ಮೇಲೆಯೇ, ಅದಕ್ಕಿಂತ ಜೋರಾಗಿ, ಇನ್ನೊಬ್ಬ ಗಂಡಸಿನ ದನಿ: "ನಿಧಾನ ಕಣೇ, ಅಂಚು ನೋಡ್ಕೊಂಡು ಇಡು."

ಕೂಡಲೇ ನಿಲ್ಲಿಸಿ ಮತ್ತೆ ಮೊದಲಿಂದ ಮುಳ್ಳಿಟ್ಟರು. ಆದರೆ ಮುಳ್ಳು ಹಾದ ಜಾಗದಲ್ಲಿ ಕೊಳೆತ ಲೋಹ ಪುಡಿಯಾಗಿ ಎದ್ದು ಬಂದಿತ್ತು. ಎರಡನೇ ಸಾಲಿನಿಂದ ಪದ್ಯ ಚೆನ್ನಾಗಿಯೇ ಇದೆ. ಮೊದಲ ಸಾಲು ಮಾತ್ರ ತಟ್ಟೆಯಿಂದ ಹೋಗಿಬಿಟ್ಟಿತು. ಇನ್ನು ಅದು ಇರುವುದು ಆ ಟೇಪಿನಲ್ಲಿ ಮಾತ್ರ, ಧ್ವನಿಮುದ್ರಕನ ಗದರಿಕೆಯ ಅಡಿಯಲ್ಲಿ.

ಅಲ್ಲಿಂದೀಚೆಗೆ ಪ್ರತಿ ವರ್ಷ ಕವಿಯ ಹುಟ್ಟಿದ ದಿನ ರೇಡಿಯೋದಲ್ಲಿ ಆ ಪದ್ಯ ಬರುತ್ತದೆ. ಬರುವ ಮೊದಲು ಉದ್ಘೋಷಕರು ಒಂದು ಮಾತು ಹೇಳುತ್ತಾರೆ: "ಧ್ವನಿಮುದ್ರಿಕೆಯ ಆರಂಭದಲ್ಲಿ ಅಡಚಣೆಯಿದೆ, ಕೇಳುಗರು ಕ್ಷಮಿಸಬೇಕು."

"ಆ ಅಡಚಣೇನೇ ನಮ್ಮನೆಯವ್ರು," ಎನ್ನುತ್ತಾರೆ ಮುಳ್ಳಕ್ಕ. ನಗುತ್ತಲೇ ಹೇಳಿದರು. ನನಗೆ ನಗಲಾಗಲಿಲ್ಲ.

ಗಂಡನಿಗೆ ಆ ದಿನ ಬಂತೆಂದರೆ ಸಂಕಟ. ಪದ್ಯ ಶುರುವಾಗುವ ಹೊತ್ತಿಗೆ ಎದ್ದು ಹೋಗಿ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದರಂತೆ. ಒಂದು ಕೆಲಸ ಕೆಡಿಸಿದೆನೆಂಬ ನೋವು ಒಂದು ಕಡೆ, ಕವಿಯ ಎದುರು, ಇಡೀ ನಾಡಿನ ಎದುರು ಹೆಂಡತಿಯನ್ನು ಏಕವಚನದಲ್ಲಿ ಕರೆದೆನೆಂಬ ನಾಚಿಕೆ ಇನ್ನೊಂದು ಕಡೆ. ಟೇಪು ಕತ್ತರಿಸಿ ತನ್ನ ಮಾತನ್ನು ತೆಗೆಯಲು ಹಲವು ಸಲ ಕುಳಿತರು. ತನ್ನನ್ನು ಕತ್ತರಿಸಿದರೆ ಕವಿಯೂ ಕತ್ತರಿಸಿ ಹೋಗುತ್ತಾರೆ. ಬ್ಲೇಡು ಕೆಳಗಿಟ್ಟು ಏಳುತ್ತಿದ್ದರು.

"ತಪ್ಪು ನಂದು, ನಾನು ಬೇಗ ಇಟ್ಟೆ ಅಂತಿದ್ದೆ. ಅವರು ಇಲ್ಲ, ನಾನೇ ಮೈಕು ಆರಿಸ್ಲಿಲ್ಲ ಅನ್ನೋರು. ಸಾಯೋವರೆಗೂ ಅದೊಂದು ಜಗಳ ತೀರ್ಲಿಲ್ಲ. ಆಸ್ಪತ್ರೇಲೂ ಒಂದ್ಸಲ ಶುರು ಮಾಡಿದ್ರು. ನರ್ಸಮ್ಮ ಬೈದ್ಳು ಇಬ್ಬರ್ಗೂ."

ಅವರು ಹೋಗಿ ಹದಿನೆಂಟು ವರ್ಷ. ಎದೆಯ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತವರು ಮತ್ತೆ ಆ ಕೋಣೆಗೆ ಬರಲಿಲ್ಲ. ಜೀವನವಿಡೀ ಪರರ ದನಿ ಹಿಡಿದಿಟ್ಟ ಮನುಷ್ಯ ತನ್ನದನ್ನು ಎಲ್ಲೂ ಹಿಡಿದಿಟ್ಟಿರಲಿಲ್ಲ. ಆಗಿನ ಫೋನುಗಳು ಮಾತಾಡಲಿಕ್ಕೆ ಮಾತ್ರ ಇದ್ದವು. ಹೀಗಾಗಿ ಆತನ ದನಿಯೆಂದು ಲೋಕದಲ್ಲಿ ಉಳಿದಿರುವುದು ಆ ಒಂದು ಗದರಿಕೆ.

ಮುಳ್ಳಕ್ಕನ ಮನೆ ಛತ್ರಿ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಒಂದು ಮಂಚ, ಒಂದು ಕುರ್ಚಿ. ಇನ್ನೊಂದು ಕುರ್ಚಿ ಇತ್ತಂತೆ, ಅದರ ಮೇಲೆ ಬಟ್ಟೆ ಗುಡ್ಡೆ ಬೀಳುತ್ತಿತ್ತೆಂದು ಕೆಳಗಿನ ಅಂಗಡಿಯವನಿಗೆ ಕೊಟ್ಟರು. ನಾನು ಹೋದಾಗ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ತಾವು ಮಂಚದ ತುದಿಗೆ ಕುಳಿತರು. ಟೀಯನ್ನು ನನಗೆ ಲೋಟದಲ್ಲಿ ಕೊಟ್ಟು ತಾವು ಬಟ್ಟಲಲ್ಲಿ ಕುಡಿದರು. ಮಗಳು ದೂರದ ಊರಲ್ಲಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿದ್ದಾಳೆ, ಭಾನುವಾರ ಫೋನ್ ಮಾಡುತ್ತಾಳೆ. ಬೇರೆ ದಿನಗಳಲ್ಲಿ ಮನೆಯಲ್ಲಿ ಮಾತಾಡುವುದು ರೇಡಿಯೋ. "ನಸುಕಲ್ಲಿ ಕೆಲಸ ಮಾಡ್ತೀನಲ್ಲ, ಮಧ್ಯಾಹ್ನಕ್ಕೆಲ್ಲ ಮನೆಗೆ ಬಂದ್ಬಿಡ್ತೀನಿ. ಆಮೇಲೆ ಸಂಜೆ ಆಗೋದೇ ಇಲ್ಲ ಅನ್ನತ್ತೆ ಹೊತ್ತು," ಎಂದರು. ಅಷ್ಟು ಹೇಳಿ, ಅಷ್ಟೂ ಹೇಳಬಾರದಿತ್ತು ಎಂಬಂತೆ ಬಟ್ಟಲು ತೊಳೆಯಲು ಎದ್ದರು.

ಈ ವಾರ ಅವರು ಒಂದು ತೀರ್ಮಾನ ಹೇಳಬೇಕಿದೆ. ಕವಿಯ ಮೊದಲ ಸಂಕಲನ ಬಂದು ಈಗ ನೂರು ವರ್ಷ. ಅದರ ನೆಪದಲ್ಲಿ ಹನ್ನೊಂದೂ ತಟ್ಟೆಗಳನ್ನು ಮತ್ತೆ ನುಡಿಸಿ, ಕಂಪ್ಯೂಟರಿಗೆ ಹಾಕಿ, ಎಲ್ಲರೂ ಕೇಳುವಂತೆ ಬಿಡುಗಡೆ ಮಾಡಲು ಭಂಡಾರ ಹೊರಟಿದೆ. ಎಂಟನೆಯದರ ಮೊದಲ ಸಾಲಿಗೆ ಮಾತ್ರ ಹಳೆಯ ಟೇಪೇ ಗತಿ. ಈ ಕಾಲದ ಕಂಪ್ಯೂಟರು ಕಲೆತ ಎರಡು ದನಿಗಳನ್ನು ಬೇರೆ ಬೇರೆ ಮಾಡಬಲ್ಲದು. ಗಂಡನ ಮಾತನ್ನು ಎತ್ತಿ ತೆಗೆದು ಕವಿಯನ್ನು ಒಬ್ಬರನ್ನೇ ಉಳಿಸಬಹುದು. ನಿರ್ದೇಶಕರು ಒಳ್ಳೆಯವರು. ಮುಳ್ಳಕ್ಕನನ್ನು ಕರೆಸಿ ಕೂರಿಸಿ, "ನೀವು ಬೇಡ ಅಂದ್ರೆ ಮುಟ್ಟಲ್ಲಮ್ಮ. ಕ್ಷಮಿಸಿ ಅಂತ ಮೊದಲಿನ ಹಾಗೇ ಹೇಳಿ ಬಿಡುಗಡೆ ಮಾಡ್ತೀವಿ. ಶುಕ್ರವಾರದೊಳಗೆ ಹೇಳಿ," ಎಂದಿದ್ದಾರೆ.

ಕೇಳಲು ಸುಲಭದ ಮಾತು. ತೆಗೆದ ದನಿಯನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಟ್ಟರೆ ಮುಗಿಯಿತಲ್ಲ ಎಂದು ನಾನೂ ಅಂದುಕೊಂಡೆ, ಅಂದೂ ಬಿಟ್ಟೆ. ಮುಳ್ಳಕ್ಕ ಸೆರಗಿನ ಗಂಟು ಬಿಚ್ಚಿ ತೋರಿಸಿದರು. ಒಳಗೆ ಉಗುರಿನಷ್ಟಗಲದ ಪೆನ್ ಡ್ರೈವು. ಭಂಡಾರದ ಧ್ವನಿ ಇಂಜಿನಿಯರು ಗಂಡನ ಮಾತನ್ನಷ್ಟೇ ಎತ್ತಿ ಆಗಲೇ ಕೊಟ್ಟಿದ್ದಾರೆ.

"ಇದರೊಳಗೂ ಇದಾರೆ. ಹಾಕಿ ಕೇಳ್ದೆ. 'ನಿಧಾನ ಕಣೇ' ಅಂತಾರೆ, ಸುತ್ತಮುತ್ತ ಏನೂ ಇಲ್ಲ. ಇಲ್ಲಿ ಅವರಿಗೆ ಕೆಲಸಾನೇ ಇಲ್ಲಮ್ಮ. ಪದ್ಯದಲ್ಲಿ ಇದ್ರೆ ಕೆಲಸದಲ್ಲಿರ್ತಾರೆ. ಯಾರೋ ಎಲ್ಲೋ ಕೇಳೋವಾಗ್ಲೂ ನಾನಿನ್ನೂ ಆ ಕಡೆ ಮುಳ್ಳು ಹಿಡ್ಕೊಂಡು ಕೂತಿದೀನಿ ಅಂತ ಆಗತ್ತೆ."

ಹಾಗಾದರೆ ಬೇಡ ಎಂದುಬಿಡಿ ಎಂದೆ.

"ಹೆಂಗ್ ಅನ್ಲಿ? ಅವರಿಗೆ ಅದು ಬೇಡ್ವಾಗಿತ್ತು. ತೆಗಿಯೋಕೆ ಬ್ಲೇಡ್ ಹಿಡ್ಕೊಂಡು ಎಷ್ಟ್ ಸಲ ಕೂತಿದ್ರು. ಅವರಿಗಾಗ್ದಿದ್ದು ಈಗ ಆಗತ್ತೆ. ನಂಗ್ ಬೇಕು ಅಂತ ನಾನು ಹಿಡ್ಕೊಂಡ್ರೆ ಅವರ ಮಾತಿಗೇನ್ ಬೆಲೆ?"

ಮಗಳು ಮಾತ್ರ ಒಂದೇ ಹಟ ಹಿಡಿದಿದ್ದಾಳೆ. ಭಾನುವಾರ ನಾನು ಅಲ್ಲೇ ಇದ್ದೆ. ಫೋನಿನಿಂದ ಅವಳ ದನಿ ಕುರ್ಚಿಯವರೆಗೂ ಕೇಳುತ್ತಿತ್ತು. "ಅಮ್ಮ, ನೀನು ಅಪ್ಪನ್ನ ನೋಡಿದೀಯ, ಜಗಳ ಆಡಿದೀಯ, ನಿಂಗೆ ಬೇಕಾದಷ್ಟಿದೆ. ನಾನು ಚಿಕ್ಕೋಳಿದ್ದಾಗ್ಲೇ ಹೋಗ್ಬಿಟ್ರು. ನಂಗೆ ಅಪ್ಪ ಅಂದ್ರೆ ವರ್ಷಕ್ಕೊಂದ್ಸಲ ರೇಡಿಯೋಲಿ ಬರೋ ಆ ಮಾತಷ್ಟೇ. ಅಳಿಸ್ಬೇಡ." ಮುಳ್ಳಕ್ಕ "ಹೂಂ" ಎಂದರು. ಊಟ ಆಯ್ತಾ ಎಂದು ಕೇಳಿದರು. ಮಗಳು ಫೋನಿಟ್ಟಳು.

ಸೋಮವಾರದಿಂದ ಗುರುವಾರದವರೆಗೆ ಅವರು ಎಂದಿನಂತೆ ನಸುಕಿಗೆ ಬಂದು ಉಳಿದ ತಟ್ಟೆಗಳನ್ನು ನುಡಿಸಿದರು. ಕವಿಯದು ಮುಗಿದ ಮೇಲೆ ಕಪಾಟಿನಲ್ಲಿ ಇನ್ನೂ ಇಂಥವೇ ಲೋಹದ ತಟ್ಟೆಗಳಿವೆ. ಆ ಕಾಲದಲ್ಲಿ ಯಾರು ಬೇಕಾದರೂ ಹೋಗಿ ಮಾತಾಡಿ ಬರಬಹುದಿತ್ತಲ್ಲ. ಯಾರೋ ಒಬ್ಬ ಅಜ್ಜ ಮೊಮ್ಮಗಳಿಗೆ ಹೇಳಿದ ಬುದ್ಧಿಮಾತು, ಯಾರೋ ಗಂಡಹೆಂಡಿರು ಸರದಿಯಲ್ಲಿ ಹಾಡಿದ ಹಾಡು, ನಡುವೆ ಮರೆತು ನಕ್ಕ ನಗು. ಯಾರೆಂದು ಬರೆದಿಲ್ಲ. ಮುಳ್ಳಕ್ಕ ಅವರಿಗೂ ಕವಿಗೆ ಮಾಡಿದಷ್ಟೇ ನಾಜೂಕಾಗಿ ಮುಳ್ಳು ಮಾಡುತ್ತಾರೆ. ಕವಿಯ ಪದ್ಯ ನಿಮಗೆ ಇಷ್ಟವಾ ಎಂದು ಕೇಳಿದೆ. ಯೋಚಿಸಿದರು. "ಚೆನ್ನಾಗಿದೆ. ಸ್ವಲ್ಪ ಅಳು ಜಾಸ್ತಿ," ಎಂದರು. ನಾಡಿನ ವಿಮರ್ಶಕರು ಎಷ್ಟೋ ಪುಟಗಳಲ್ಲಿ ವಾದಿಸುತ್ತಿರುವ ವಿಷಯ ಅದು. ಅವರೂ ವಾದಿಸಿಕೊಂಡಿರಲಿ, ಇವರೂ ಹೇಳಿಕೊಂಡಿರಲಿ.

ಶುಕ್ರವಾರ ಬೆಳಿಗ್ಗೆ ನಾನು ಹೋದಾಗ ಅವರು ಇಂಜಿನಿಯರ ಕೋಣೆಯಲ್ಲಿದ್ದರು. ಇಂಜಿನಿಯರು ನಲವತ್ತೈದರ ಆಸುಪಾಸಿನ ಗುಂಡಗಿನ ಮನುಷ್ಯ, ಕೆಲಸ ಬಿಗಡಾಯಿಸಿದಷ್ಟೂ ತಮಾಷೆ ಜಾಸ್ತಿ ಮಾಡುವ ಪೈಕಿ. ಆ ದಿನ ತಮಾಷೆ ಇರಲಿಲ್ಲ. ಮುಳ್ಳಕ್ಕನಿಗೆ ತಮ್ಮ ತಿರುಗುವ ಕುರ್ಚಿ ಕೊಟ್ಟು ತಾವು ನಿಂತಿದ್ದರು.

"ತೆಗೀರಿ," ಎಂದರು ಮುಳ್ಳಕ್ಕ.

"ಅಕ್ಕ, ಇನ್ನೊಂದ್ಸಲ ಯೋಚ್ನೆ ಮಾಡಿ. ಸಂಜೆವರೆಗೂ ಟೈಮಿದೆ."

"ಸಂಜೆವರೆಗೂ ಕಾದ್ರೆ ಬೇಡ ಅಂತೀನಿ. ಅದಕ್ಕೇ ಈಗ ಹೇಳ್ತಿರೋದು. ತೆಗೀರಿ. ಅವರ ಕೆಲಸ ಅದು, ಅರ್ಧಕ್ಕೆ ನಿಂತಿತ್ತು. ನೀವು ಮುಗಿಸಿಕೊಡಿ."

ಮಗಳಿಗೆ ಹೇಳಿದಿರಾ ಎಂದು ಕೇಳಿದೆ. ಹೇಳಿದ್ದಾರೆ. "ಈ ಭಾನುವಾರ ಫೋನ್ ಬರಲ್ಲ ಅನ್ಸತ್ತೆ. ಮುಂದಿನ ವಾರ ಬರಬಹುದು," ಎಂದು ಕೈಯನ್ನು ಮಡಿಲಲ್ಲಿಟ್ಟುಕೊಂಡರು. ಬೆರಳ ತುದಿಗಳ ಮೇಲೆಲ್ಲ ಮುಳ್ಳು ಚುಚ್ಚಿದ ಸಣ್ಣ ಕಪ್ಪು ಚುಕ್ಕೆಗಳು.

ಇಂಜಿನಿಯರು ಕೆಲಸ ಶುರು ಮಾಡಿದರು. ಪರದೆಯ ಮೇಲೆ ಆ ಒಂದು ಸಾಲು ಎರಡು ಬಣ್ಣಗಳಲ್ಲಿ ಹರಡಿಕೊಂಡಿತು. ಕೆಂಪಗಿದ್ದದ್ದು ಗಂಡ, ನೀಲಿ ಕವಿ. ಕೆಂಪು ಸ್ವಲ್ಪ ಸ್ವಲ್ಪವೇ ತೆಳುವಾಗುತ್ತ ಹೋಯಿತು. ಮುಳ್ಳಕ್ಕ ಕಣ್ಣು ಕೀಳದೆ ನೋಡಿದರು. ನನಗೆ ನೋಡಲಾಗದೆ ಕಿಟಕಿಯ ಕಡೆ ತಿರುಗಿದೆ. ಕೆಳಗೆ ಡಿಪೋದಲ್ಲಿ ಬಸ್ಸುಗಳು ಒಂದೊಂದಾಗಿ ಹೊರಡುತ್ತಿದ್ದವು.

"ಆಯ್ತು," ಎಂದರು ಇಂಜಿನಿಯರು, ಮೆಲ್ಲಗೆ. "ಹಾಕ್ಲಾ?"

ಮುಳ್ಳಕ್ಕ ತಲೆ ಆಡಿಸಿದರು. ಚಟಪಟ ಸದ್ದು. ಆಮೇಲೆ ಕವಿಯ ದನಿ, ಇಷ್ಟು ವರ್ಷ ಯಾರೂ ಪೂರ್ತಿಯಾಗಿ ಕೇಳದ ಸಾಲು: "ಬಾಗಿಲು ಹಾಕಬೇಡ ಗಾಳಿಯೇ, ಒಳಗಿನ್ನೂ ಒಬ್ಬಳಿದ್ದಾಳೆ." ಎಷ್ಟು ಮೆತ್ತಗೆ ಓದಿದ್ದರು ಕವಿ ಆ ಸಾಲನ್ನು. ಮೇಲಿನ ದನಿಗೆ ಪೈಪೋಟಿಯಾಗಿ ಕೂಗುತ್ತಿದ್ದಾರೆಂದೇ ನಾವೆಲ್ಲ ಭಾವಿಸಿದ್ದೆವು. ಅವರಿಗೆ ಯಾರೊಡನೆಯೂ ಪೈಪೋಟಿ ಇರಲಿಲ್ಲ.

ಮುಳ್ಳಕ್ಕನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ. "ಚೆನ್ನಾಗ್ ಬಂದಿದೆ," ಎಂದರು. "ಅವರು ಕೇಳ್ಬೇಕಿತ್ತು."

ಇಂಜಿನಿಯರು ಇನ್ನೂ ಪರದೆಯನ್ನೇ ನೋಡುತ್ತಿದ್ದರು. ಸಾಲಿನ ಮೊದಲಿಗೆ, ಕವಿಯ ನೀಲಿ ಶುರುವಾಗುವ ಮುಂಚೆ, ಇನ್ನೊಂದು ಸಣ್ಣ ಗುರುತು ಉಳಿದಿತ್ತು. ಇಷ್ಟು ದಿನ ಗಂಡನ ಜೋರು ದನಿಯ ಅಡಿಯಲ್ಲಿ ಅದು ಮುಚ್ಚಿಹೋಗಿತ್ತು. "ಇದೇನೋ ಇದೆ ಅಕ್ಕ. ನಮ್ಮ ಮೈಕಿಂದಲ್ಲ, ಕವಿಯ ತಟ್ಟೆಯಿಂದಲೇ ಬಂದಿದ್ದು," ಎಂದು ಆ ತುಣುಕನ್ನಷ್ಟೇ ದೊಡ್ಡದು ಮಾಡಿ ಹಾಕಿದರು. ಮೊದಲ ಸಲ ಏನೂ ತಿಳಿಯಲಿಲ್ಲ. ಎರಡನೇ ಸಲ ಕೋಣೆಯಲ್ಲಿದ್ದ ಮೂವರೂ ಒಟ್ಟಿಗೆ ತಲೆ ಎತ್ತಿದೆವು.

ಒಬ್ಬ ಮನುಷ್ಯ. ಕವಿಯಲ್ಲ. ಯಂತ್ರದಿಂದ ದೂರ, ಬಹುಶಃ ಅದರ ಹಿಂದೆ ನಿಂತವನು. ದಪ್ಪನೆಯ, ಸುಸ್ತಾದ, ಸಮಾಧಾನದ ದನಿ. "ಹೂಂ, ಈಗ ಹೇಳಿ ಸ್ವಾಮಿ. ನಾನ್ ನೋಡ್ಕೋತೀನಿ."

ಜೀವನಚರಿತ್ರೆಗಳಲ್ಲಿ ಆ ಹಿಂಗೋಣೆಯಲ್ಲಿ ಕವಿ ಒಬ್ಬರೇ ಇದ್ದಾರೆ. ಬಾಗಿಲು ಹಾಕಿಕೊಂಡು ತನ್ನ ಒಂಟಿತನವನ್ನು ಯಂತ್ರಕ್ಕೆ ಹೇಳಿಕೊಂಡರೆಂದು ನಾನೇ ಪರೀಕ್ಷೆಯಲ್ಲಿ ಬರೆದಿದ್ದೇನೆ. ಯಂತ್ರವನ್ನು ಯಾರಾದರೂ ನಡೆಸಬೇಕಲ್ಲ ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಅಂಗಡಿಯವನೋ, ಅಂಗಡಿಯ ಆಳೋ, ಯಾರೆಂದು ಯಾವ ಪುಸ್ತಕವೂ ಹೇಳುವುದಿಲ್ಲ.

ಇಂಜಿನಿಯರು ಮೌಸಿನ ಮೇಲೆ ಕೈಯಿಟ್ಟು ಕೇಳಿದರು, "ಕವಿ ದನಿ ಇಲ್ಲಿಂದ ಶುರು ಆಗತ್ತೆ ಅಕ್ಕ. ಅದಕ್ಕೆ ಮುಂಚೆ ಇರೋದನ್ನೆಲ್ಲ ತೆಗೀಬೇಕು ಅಂತ ಆರ್ಡರು. ಇದನ್ನೂ ತೆಗೆದುಬಿಡ್ಲಾ?"

ಮುಳ್ಳಕ್ಕ ಅದನ್ನು ಇನ್ನೊಮ್ಮೆ ಹಾಕಿಸಿ ಕೇಳಿದರು. ಆಮೇಲೆ ಕುರ್ಚಿಯಿಂದ ಎದ್ದು, ಅವರ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಬೇಡಪ್ಪ. ನನ್ನ ಹತ್ರ ಸೆರಗಿನ ಗಂಟಿನಲ್ಲಾದ್ರೂ ಒಂದಿದೆ. ಇವರ ಮನೆಯವ್ರಿಗೆ ಏನಿದೆ? ಹಾಗೇ ಬಿಡಿ, ಕ್ಷಮಿಸ್ಬೇಕು ಅಂತಾನೂ ಹೇಳ್ಬೇಡಿ."